ಹಬ್ಬದ ದಿನದ ತಲೆನೋವು

ರೋಗಗಳಲ್ಲಿಯೂ ಕುಲಗೋತ್ರಗಳುಂಟು. ಹೃದಯದ ಬೇನೆ ಬಂದವನನ್ನು ನೋಡಲು ಬಂಧುಗಳು ಹಣ್ಣಿನ ಬುಟ್ಟಿ ಹಿಡಿದು ಬರುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಮದುವೆಯ ಮನೆಯಲ್ಲಿ ಪಾಯಸ ತಪ್ಪಿದರೂ ಮರ್ಯಾದೆ ತಪ್ಪುವುದಿಲ್ಲ. ಕೈ ಮುರಿದುಕೊಂಡವನ ಪ್ಲಾಸ್ಟರಿನ ಮೇಲೆ ಮಕ್ಕಳು ತಮ್ಮ ಹೆಸರು ಬರೆದು ಸಂತೋಷಪಡುತ್ತವೆ. ಕೊನೆಗೆ ಬಡ ನೆಗಡಿಗೂ ಗಾದೆಯ ಗೌರವವೊಂದಿದೆ. ಅಂಥ ರೋಗ ಬೇರೆ ಇಲ್ಲವೆಂದು ಹೇಳಿ ಹಿರಿಯರು ಅದನ್ನು ಬುಗುಡಿಯೆಂಬ ಒಡವೆಯ ಪಕ್ಕದಲ್ಲಿಯೇ ಕೂರಿಸಿದ್ದಾರೆ. ತಲೆನೋವಿಗೆ ಮಾತ್ರ ಈ ಯಾವ ಭಾಗ್ಯವೂ ಇಲ್ಲ. ತಲೆನೋವೆಂದು ರಜೆ ಕೇಳಿದರೆ ಮೇಲಿನವರು ಮುಗುಳ್ನಗುತ್ತಾರೆ. ಆ ನಗೆಯ ಅರ್ಥವನ್ನು ಯಾವ ನಿಘಂಟನ್ನೂ ನೋಡದೆ ತಿಳಿಯಬಹುದು.

ಇದಕ್ಕೆ ನಮ್ಮ ಭಾಷೆಯೂ ಸ್ವಲ್ಪ ಹೊಣೆ. ಬೀದಿಯ ನಲ್ಲಿಯಲ್ಲಿ ನೀರು ಬಾರದಿದ್ದರೆ ತಲೆನೋವು. ಮಗನಿಗೆ ಸೀಟು ಸಿಗದಿದ್ದರೆ ತಲೆನೋವು. ಬಾಡಿಗೆಯವನು ಮನೆ ಬಿಡದಿದ್ದರೆ ದೊಡ್ಡ ತಲೆನೋವು. ಇಷ್ಟು ಜನ ಇಷ್ಟು ಕಡೆ ಬಳಸಿ ಬಳಸಿ ಆ ಮಾತಿನಲ್ಲಿದ್ದ ನೋವು ಸವೆದುಹೋಗಿದೆ. ಹೊಟ್ಟೆನೋವನ್ನು ಯಾರೂ ಹೀಗೆ ಎರವಲು ಕೊಟ್ಟಿಲ್ಲ ನೋಡಿ. ಹಿಂದಿನವರಲ್ಲಿ ಇನ್ನೂ ತೂಕದ ಮಾತುಗಳಿದ್ದವು: ತಲೆಬೇನೆ, ತಲೆಶೂಲೆ, ತಲೆಸಿಡಿತ, ಅರೆತಲೆನೋವು. ಶೂಲೆ ಎಂದಾಗ ಈಟಿಯ ಮೊನೆ ಕಾಣುತ್ತದೆ; ಸಿಡಿತ ಎಂದಾಗ ಒಳಗಿನಿಂದ ಯಾರೋ ಬಡಿಯುವ ಸದ್ದು ಕೇಳುತ್ತದೆ. ಅರೆತಲೆನೋವಿಗಂತೂ ದೊಡ್ಡ ವಂಶಾವಳಿಯೇ ಇದೆ. ಸುಶ್ರುತಸಂಹಿತೆ ಹನ್ನೊಂದು ಶಿರೋರೋಗಗಳನ್ನು ಎಣಿಸುವಾಗ ಅದನ್ನು ಅರ್ಧಾವಭೇದಕವೆಂದು ಕರೆಯಿತು, ಎಂದರೆ ಅರ್ಧವನ್ನು ಸೀಳುವುದು. ದೂರದ ಗ್ರೀಕರು ಅದನ್ನೇ 'ಅರ್ಧ ತಲೆಬುರುಡೆ' ಎಂಬರ್ಥದ ಹೆಮಿಕ್ರೇನಿಯಾ ಎಂದರು. ಅದು ಹಲವು ನಾಲಗೆಗಳ ಮೇಲೆ ಹೊರಳಿ ಇಂದಿನ ಮೈಗ್ರೇನ್ ಆಯಿತು. ಒಬ್ಬರನ್ನೊಬ್ಬರು ಕೇಳದೆ ಎರಡು ನಾಡಿನವರು ನೋವನ್ನು ಒಂದೇ ಗೆರೆಯಲ್ಲಿ ಎರಡು ಭಾಗ ಮಾಡಿದ್ದಾರೆ. ಅದೇ ಪಟ್ಟಿಯಲ್ಲಿ ಸೂರ್ಯಾವರ್ತವೆಂಬ ಇನ್ನೊಂದಿದೆ. ಸೂರ್ಯ ಏರಿದಂತೆ ಏರಿ, ಇಳಿದಂತೆ ಇಳಿಯುವ ನೋವು. ಹೆಸರಿಟ್ಟವನಿಗೆ ತಲೆ ನೋಯುತ್ತಿದ್ದಿರಬೇಕೆಂದು ನನ್ನ ಗುಮಾನಿ. ಬರಿಯ ನೋಡುಗನಿಗೆ ಅಂಥ ಹೆಸರು ಹೊಳೆಯುವುದಿಲ್ಲ.

ಇಷ್ಟು ಅಗೌರವಕ್ಕೆ ಪಾತ್ರವಾದ ಈ ಬೇನೆ ಎಷ್ಟು ಜನಕ್ಕಿದೆ? ಲೋಕದ ಹಲವು ನಾಡುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ವರ್ಷದಲ್ಲಿ ಒಮ್ಮೆಯಾದರೂ ತಲೆನೋವನ್ನು ಅನುಭವಿಸುವವರು ಮನುಷ್ಯರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶೇಕಡ 52. ಯಾವುದೇ ಒಂದು ದಿನ ತೆಗೆದುಕೊಂಡರೂ ಸುಮಾರು ಆರು ಜನರಲ್ಲಿ ಒಬ್ಬರ ತಲೆ ಆ ಹೊತ್ತು ನೋಯುತ್ತಿರುತ್ತದೆ. ಎಂದರೆ, ಐವತ್ತು ಜನರ ಬಸ್ಸೊಂದು ಮೆಜೆಸ್ಟಿಕ್ಕಿನಿಂದ ಹೊರಟಿತೆನ್ನಿ. ಅದರಲ್ಲಿ ಎಂಟು ತಲೆಗಳಾದರೂ ಹಣೆ ಒತ್ತಿಕೊಂಡೇ ಟಿಕೆಟ್ಟು ಕೊಂಡಿವೆ.

ನಮ್ಮ ಸೀಮೆಯ ಲೆಕ್ಕ ಇನ್ನೂ ಬಿಗಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಯ ಬಾಗಿಲು ತಟ್ಟಿ, ಹದಿನೆಂಟರಿಂದ ಅರವತ್ತೈದು ವಯಸ್ಸಿನೊಳಗಿನ 2,329 ಮಂದಿಯನ್ನು ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ವರದಿಯಂತೆ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು ಶೇಕಡ 63.9. ಅರೆತಲೆನೋವೇ ಶೇಕಡ 25ರಷ್ಟು ಜನಕ್ಕೆ. ಲೋಕದ ಸರಾಸರಿ ಶೇಕಡ 14 ಇರುವಾಗ ನಮ್ಮದು ಕಾಲುಭಾಗ! ಇದನ್ನು ಓದುವ ಪಟ್ಟಣಿಗರು 'ಈ ವಾಹನಗಳ ಹೊಗೆ, ಈ ಗದ್ದಲ, ಇನ್ನೇನಾದೀತು?' ಎಂದು ತಲೆದೂಗುವ ಮೊದಲು ವರದಿಯ ಮುಂದಿನ ಸಾಲನ್ನೂ ನೋಡಬೇಕು. ಅರೆತಲೆನೋವು ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಹಳ್ಳಿಯ ತಂಗಾಳಿ, ನೆಮ್ಮದಿ, ಹಸುರು ಎಂದು ಭಾವಗೀತೆ ಬರೆದ ನಮ್ಮವರಲ್ಲಿ ಯಾರೂ ಆ ತಂಗಾಳಿಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಕಳೆ ಕೀಳುವವಳನ್ನು ಕೇಳಿದಂತೆ ಕಾಣದು.

ತಲೆಯಲ್ಲಿ ನೋಯುವುದಾದರೂ ಏನು? ಮಿದುಳು ನೋಯುವುದಿಲ್ಲ. ಲೋಕದ ನೋವನ್ನೆಲ್ಲ ತಿಳಿಯುವ ಆ ಯಜಮಾನನಿಗೆ ಸ್ವಂತ ನೋವು ತಿಳಿಯುವ ನರವಿಲ್ಲ; ಆದ್ದರಿಂದಲೇ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯನ್ನು ಎಚ್ಚರವಾಗಿರಿಸಿ, ಮಾತಾಡಿಸುತ್ತ ಮಿದುಳನ್ನು ಮುಟ್ಟುವುದುಂಟು. ನೋಯುವುದು ಅದನ್ನು ಸುತ್ತಿದ ಪೊರೆ, ಆ ಪೊರೆಯ ರಕ್ತನಾಳಗಳು, ನೆತ್ತಿ ಕುತ್ತಿಗೆಗಳ ಸ್ನಾಯುಗಳು. ತಲೆಯ ಮುಂಭಾಗದಿಂದ ಈ ವರದಿಗಳನ್ನು ಹೊತ್ತು ತರುವ ದೊಡ್ಡ ನರಕ್ಕೆ ಟ್ರೈಜೆಮಿನಲ್ ಎಂದು ಹೆಸರು. ಅರೆತಲೆನೋವಿನಲ್ಲಿ ಈ ನರದ ಕೊನೆಗಳಿಂದ ಸಿಜಿಆರ್‌ಪಿ ಎಂಬ ದ್ರವ್ಯ ಸುರಿದು ಪೊರೆಯ ನಾಳಗಳನ್ನು ಹಿಗ್ಗಿಸಿ ನೋವನ್ನು ಹೊತ್ತಿಸುತ್ತದೆಂದು ಕಂಡುಕೊಂಡ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಬ್ರೇನ್ ಪ್ರೈಜ್ ಬಂತು. ಆ ದ್ರವ್ಯವನ್ನೇ ತಡೆಯುವ ಚುಚ್ಚುಮದ್ದುಗಳಿಗೆ ಅಮೆರಿಕದಲ್ಲಿ 2018ರಿಂದ ಅನುಮತಿ ದೊರೆಯಿತು. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ 'ಪಿತ್ತ' ಎಂಬ ಎರಡಕ್ಷರ ಸಾಕಾಗಿತ್ತು. ವಾಂತಿಯಾದರೆ ನೋವು ಇಳಿಯುತ್ತದೆ, ಆದ್ದರಿಂದ ಪಿತ್ತ ಹೊರಗೆ ಹೋಯಿತು ಎಂದು ತರ್ಕ. ತರ್ಕದ ಕೊನೆ ತಪ್ಪಿರಬಹುದು, ಆದರೆ ನೋಟ ಸರಿಯಾಗಿತ್ತು. ಅರೆತಲೆನೋವಿನವರಲ್ಲಿ ಅನೇಕರಿಗೆ ವಾಂತಿಯ ಮೇಲೆ ನೋವು ಇಳಿಯುವುದು ನಿಜವೇ. ಈಗ ಪಿತ್ತದ ಜಾಗದಲ್ಲಿ ಸೈನಸ್ ಬಂದು ಕೂತಿದೆ. ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ 'ನನಗೆ ಸೈನಸ್ಸು' ಎನ್ನುತ್ತಾರೆ. ಹಾಗೆನ್ನುವವರಲ್ಲಿ ಬಹುಮಂದಿಗೆ ಇರುವುದು ಮೈಗ್ರೇನೇ ಎಂದು ವೈದ್ಯರು ಹೇಳುತ್ತಾರೆ.

ಎಲ್ಲ ತಲೆನೋವೂ ಒಂದೇ ಜಾತಿಯಲ್ಲ. ತಲೆಗೆ ಪಟ್ಟಿ ಬಿಗಿದಂತೆ ಎರಡು ಕಡೆಯೂ ಒತ್ತುವ, ಅಷ್ಟೇನೂ ಪ್ರಾಣ ತೆಗೆಯದ ನೋವು ಒಂದು. ಇದೇ ಎಲ್ಲಕ್ಕಿಂತ ಸಾಮಾನ್ಯ. ಇದರ ಪರಿಚಯ ನನಗೆ ವೃತ್ತಿಯಿಂದಲೇ ಆಗಿದೆ. ಉತ್ತರಪತ್ರಿಕೆಗಳ ಮೌಲ್ಯಮಾಪನ ನಡೆಯುವ ವಾರದಲ್ಲಿ, ಪಂಪನನ್ನು ಹೊಯ್ಸಳರ ಆಸ್ಥಾನಕ್ಕೆ ವರ್ಗ ಮಾಡಿದ ಮೂವತ್ತನೆಯ ವಿದ್ಯಾರ್ಥಿಯ ಪತ್ರಿಕೆ ಮುಗಿಯುವ ಹೊತ್ತಿಗೆ ಸರಿಯಾಗಿ ಅದು ಹಾಜರಾಗುತ್ತದೆ. ಆದರೆ ಆ ನೋವಿನಲ್ಲಿ ನಡೆದಾಡಬಹುದು, ಹರಟಬಹುದು, ಮೂವತ್ತೊಂದನೆಯ ಪತ್ರಿಕೆಯನ್ನೂ ತೆಗೆದುಕೊಳ್ಳಬಹುದು. ಅರೆತಲೆನೋವಿನ ದಾರಿಯೇ ಬೇರೆ. ಅದು ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಕಾಡಬಲ್ಲುದು; ನಾಡಿಯೊಡನೆ ಮಿಡಿಯುತ್ತದೆ; ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ; ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆ ಮೊದಲೇ ಬೇಡ. ಇನ್ನೂ ಒಂದುಂಟು, ವಿರಳವಾದದ್ದು, ಹೆಚ್ಚಾಗಿ ಗಂಡಸರದು: ದಿನವೂ ಅದೇ ಗಳಿಗೆಗೆ ಬಂದು ಒಂದು ಕಣ್ಣಿನ ಹಿಂದೆ ಕಾಯಿಸಿದ ಸಲಾಕೆಯಂತೆ ಇರಿಯುವುದು. ಅದನ್ನು ಕಂಡವರು ಉಳಿದೆಲ್ಲ ನೋವುಗಳನ್ನೂ ಕ್ಷಮಿಸುತ್ತಾರಂತೆ.

ಇನ್ನು ನೋವನ್ನು ಕರೆದು ತರುವ ಸಂಗತಿಗಳು. ಇದರಲ್ಲಿ ಪ್ರತಿಯೊಬ್ಬರೂ ಪಂಡಿತರು. ಬಿಸಿಲು ಎನ್ನುವವರು, ಬಾಳೆಹಣ್ಣು ಎನ್ನುವವರು, ಬೆಳಗಿನ ಇಬ್ಬನಿ ಎನ್ನುವವರು, ಸಂಪಿಗೆ ಹೂವು ಎನ್ನುವವರು. ಇಲ್ಲಿ ನಮ್ಮ ನೈಯಾಯಿಕರ ಕಾಕತಾಳೀಯ ನ್ಯಾಯವನ್ನು ನೆನೆಯುವುದು ಒಳ್ಳೆಯದು. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು. ಕಾಗೆಯೇ ಬೀಳಿಸಿತೆಂದು ಹೇಳಬರುವುದಿಲ್ಲ. ಅರೆತಲೆನೋವಿನ ಕಾಗೆಯಂತೂ ಇನ್ನೂ ವಿಚಿತ್ರವಾದದ್ದು. ನೋವು ಕಾಣಿಸಿಕೊಳ್ಳುವ ಕೆಲವು ಗಂಟೆ ಮೊದಲೇ, ಒಮ್ಮೊಮ್ಮೆ ಹಿಂದಿನ ದಿನವೇ, ಕೆಲವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಕೆ ಬರುತ್ತದೆ, ಕುತ್ತಿಗೆ ಬಿಗಿಯುತ್ತದೆ, ಬೆಳಕು ಚುಚ್ಚುತ್ತದೆ, ಸಿಹಿ ತಿನ್ನುವ ಚಪಲವಾಗುತ್ತದೆ. ಇದೆಲ್ಲ ದಾಳಿ ಒಳಗೆ ಆಗಲೇ ಹೊರಟಿರುವುದರ ಗುರುತು. ಚಪಲಕ್ಕೆ ಸೋತು ಒಂದು ಚಾಕೊಲೇಟು ತಿಂದವನು ಮರುದಿನ 'ಚಾಕೊಲೇಟಿನಿಂದ ಬಂತು' ಎಂದು ಅದರ ಮೇಲೆ ಆಪಾದನೆ ಹೊರಿಸುತ್ತಾನೆ. ಹಣ್ಣಿನ ತೊಟ್ಟು ಸಡಿಲವಾದದ್ದನ್ನು ನೋಡಿಯೇ ಕಾಗೆ ಬಂದು ಕೂತಿತೋ ಏನೋ!

ಆದರೂ ಕೆಲವು ಆಪಾದಿತರ ಮೇಲೆ ಸಾಕ್ಷ್ಯ ಬಲವಾಗಿದೆ. ಉಪವಾಸ, ನಿದ್ದೆಗೇಡು, ಅತಿನಿದ್ದೆ, ತಿಂಗಳ ಋತುವಿನ ಹೊತ್ತಿಗೆ ಹೆಂಗಸರ ಮೈಯಲ್ಲಿ ಈಸ್ಟ್ರೊಜೆನ್ ಇಳಿಯುವುದು, ಕಣ್ಣು ಕೋರೈಸುವ ಬೆಳಕು, ಗಾಢವಾದ ವಾಸನೆ, ಮನಸ್ಸಿನ ಒತ್ತಡ, ಅದಕ್ಕಿಂತ ವಿಚಿತ್ರವಾಗಿ ಒತ್ತಡ ಇಳಿದ ಮಾರನೆಯ ದಿನ. ಭಾನುವಾರ ತಡವಾಗಿ ಎದ್ದವರಿಗೆ ತಲೆ ಹಿಡಿಯುವುದು ಇದರಿಂದಲೇ. ಅತಿನಿದ್ದೆಯೂ ಸೇರಿತು, ಕಾಫಿಯೂ ತಡವಾಯಿತು. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣವೆಂಬ ಗ್ರಂಥವೊಂದಿದೆ. 2018ರಲ್ಲಿ ಅದರ ಮೂರನೆಯ ಆವೃತ್ತಿ ಬಂದಿತು. ನಮ್ಮ ಅಡಿಗೆಮನೆಯ ಒಂದು ಸತ್ಯಕ್ಕೆ ಅದರಲ್ಲಿ ಅಧಿಕೃತ ಸ್ಥಾನ ದೊರೆತಿರುವುದನ್ನು ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ: ಕಾಫಿ ತಪ್ಪಿದ ತಲೆನೋವು. ದಿನವೂ 200 ಮಿಲಿಗ್ರಾಮಿಗಿಂತ ಹೆಚ್ಚು ಕೆಫೀನನ್ನು ಎರಡು ವಾರಕ್ಕೂ ಮೀರಿ ಕುಡಿಯುತ್ತಿದ್ದವರು ತಟಕ್ಕನೆ ನಿಲ್ಲಿಸಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಲೆನೋವು. 100 ಮಿಲಿಗ್ರಾಮು ಒಳಗೆ ಹೋದರೆ ಒಂದು ಗಂಟೆಯೊಳಗೆ ಶಮನ. ಉಪವಾಸದ ತಲೆನೋವಿಗೂ ಅಲ್ಲಿ ಬೇರೆಯದೇ ಅಂಕವಿದೆ. ಎಂಟು ಗಂಟೆ ಹೊಟ್ಟೆಗೆ ಏನೂ ಬೀಳದಿದ್ದರೆ ಸಾಕು. ಬಾಬಾಬುಡನ್‌ಗಿರಿಯ ನಾಡಿನವರಾದ ನಮಗೆ ಇದನ್ನು ವಿದೇಶದ ಪಂಡಿತರು ಹೇಳಬೇಕಾಗಿರಲಿಲ್ಲ, ನಿಜ. ಆದರೆ ಮನೆಯಲ್ಲಿ ಹೇಳಿದರೆ ಯಾರು ಕೇಳುತ್ತಿದ್ದರು?

ನಮ್ಮ ದೊಡ್ಡಮ್ಮನವರ ಮಾತು ಇಲ್ಲಿ ಬರಬೇಕು. ಹಾಸನದ ಕಡೆಯ ನಮ್ಮ ಮನೆಯಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರ ಒಟ್ಟಿಗಿತ್ತು. ದೊಡ್ಡಪ್ಪನ ಹೆಂಡತಿಯಾದ ಅವರೇ ಹಿರಿಯ ಸೊಸೆ. ವರ್ಷದಲ್ಲಿ ಎರಡು ಮೂರು ಸಲ, ಅದೂ ಬಹುಮಟ್ಟಿಗೆ ಹಬ್ಬದ ದಿನವೇ, ಅವರು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಣೆಗೆ ಸೀರೆಯ ಅಂಚಿನ ಪಟ್ಟಿ ಬಿಗಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಹೊರಗೆ ನಮ್ಮ ಅಜ್ಜಿಯ ಮಾತು ಕೇಳುತ್ತಿತ್ತು: "ಮುನ್ನೂರ ಅರವತ್ತು ದಿನ ಬಿಟ್ಟು ಹಬ್ಬದ ದಿನವೇ ಇವಳಿಗೆ ತಲೆನೋವು ಬರಬೇಕೆ?" ಅಜ್ಜಿ ಕೆಟ್ಟವರೇನಲ್ಲ. ಅವರ ಪ್ರಶ್ನೆಯೂ ಬಹಳ ಸರಿಯಾದ ಪ್ರಶ್ನೆ. ಉತ್ತರವನ್ನು ಯಾರೂ ಹುಡುಕಲಿಲ್ಲ, ಅಷ್ಟೇ.

ವರಮಹಾಲಕ್ಷ್ಮಿಯ ದಿನವನ್ನೇ ತೆಗೆದುಕೊಳ್ಳಿ. ಶ್ರಾವಣದ ಶುಕ್ರವಾರ. ಹಿಂದಿನ ರಾತ್ರಿ ಕಲಶಕ್ಕೆ ಸೀರೆ ಉಡಿಸಿ, ಬೆಳ್ಳಿಯ ಮುಖ ಕೂರಿಸಿ, ಬೇಳೆ ನೆನೆಹಾಕಿ ಮಲಗುವಾಗ ಹನ್ನೊಂದು ದಾಟಿರುತ್ತದೆ. ನಾಲ್ಕಕ್ಕೆ ಏಳುವುದು. ಎದ್ದಕೂಡಲೇ ಹಂಡೆಯ ನೀರಿನಲ್ಲಿ ತಲೆಗೆ ಸ್ನಾನ. ಮೊಳಕಾಲು ಮುಟ್ಟುವ ಕೂದಲು, ಒರಸಲು ಪುರುಸೊತ್ತಿಲ್ಲ, ತುದಿಗೊಂದು ಗಂಟು ಹಾಕಿ ಮಡಿಯುಟ್ಟು ಒಲೆಯ ಮುಂದೆ ಕೂರುವುದು. ಮಳೆಗಾಲದ ಹಸಿ ಸೌದೆಯ ಹೊಗೆ. ಒಬ್ಬಟ್ಟಿನ ಹೂರಣ ರುಬ್ಬುವುದು, ಆಂಬೊಡೆಗೆ ಕುದಿಯುವ ಎಣ್ಣೆಯ ಮುಂದೆ ಬಗ್ಗುವುದು. ದೇವರ ಮನೆಯಲ್ಲಿ ಸಾಂಬ್ರಾಣಿ, ಕರ್ಪೂರ, ಮಲ್ಲಿಗೆ, ಕೇದಗೆ. ವ್ರತದವರು ಪೂಜೆ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಕಾಫಿಯ ಮಾತೇ ಇಲ್ಲ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಅಷ್ಟರೊಳಗೆ ಪೂಜೆಗೆ ಕೂರಲಾಗದಿದ್ದರೆ, ಇಪ್ಪತ್ತು ಜನರ ಮನೆಯಲ್ಲಿ ಅದು ಎಂದೂ ಆಗುತ್ತಿರಲಿಲ್ಲ, ಹನ್ನೆರಡರವರೆಗೆ ಕಾಯಬೇಕು. ಪೂಜೆ, ಕಥೆ, ಮಂಗಳಾರತಿ, ಆಮೇಲೆ ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ. ಹಿರಿಯ ಸೊಸೆ ಎಲೆಯ ಮುಂದೆ ಕೂರುವಾಗ ಮೂರು ಗಂಟೆ.

ಈಗ ಲೆಕ್ಕ ಹಾಕಿ ನೋಡಿ. ಕೊನೆಯ ಊಟ ಹಿಂದಿನ ರಾತ್ರಿ ಒಂಬತ್ತಕ್ಕೆ. ಹದಿನೆಂಟು ಗಂಟೆಯ ಉಪವಾಸ. ಕೊನೆಯ ಕಾಫಿ ಹಿಂದಿನ ದಿನ ನಾಲ್ಕಕ್ಕೆ, ಇಪ್ಪತ್ತಮೂರು ಗಂಟೆ. ಐದು ಗಂಟೆಯೂ ತುಂಬದ ನಿದ್ದೆ. ಹೊಗೆ, ಕಾವು, ಗಂಧ, ಗದ್ದಲ. ಎಲ್ಲರೆದುರು ಒಬ್ಬಟ್ಟು ಹರಿಯದಿರಲಪ್ಪಾ ಎಂಬ ಆತಂಕ ಬೇರೆ. ವೈದ್ಯರು ಹೇಳುವಂತೆ ಈ ಪ್ರಚೋದಕಗಳು ಒಂದೊಂದಾಗಿ ಬಂದರೆ ಎಷ್ಟೋ ಸಲ ತಲೆ ತಡೆದುಕೊಳ್ಳುತ್ತದೆ. ಒಂದರ ಮೇಲೊಂದು ಕೂಡಿದಾಗ ಕೊಡ ತುಳುಕುತ್ತದೆ. ಹಬ್ಬವೆಂದರೆ ಅವೆಲ್ಲವನ್ನೂ ಅಕ್ಷತೆ ಕೊಟ್ಟು ಕರೆದ ದಿನ. ತಲೆನೋವು ಹಬ್ಬದ ದಿನವೇ ಬಾರದೆ ಇನ್ನೆಂದು ಬರಬೇಕು?

ತಲೆಸ್ನಾನದ ವಿಷಯ ಬೇಕೆಂದೇ ಬಿಟ್ಟೆ, ಅದಕ್ಕೆ ಬೇರೆ ಮರ್ಯಾದೆ ಸಲ್ಲಬೇಕು. ತಲೆಗೆ ನೀರು ಹಾಕಿಕೊಂಡರೆ ತಲೆನೋವು ಬರುತ್ತದೆಂದು ನಮ್ಮ ಹೆಂಗಸರು ಹೇಳುತ್ತಲೇ ಇದ್ದರು. ಪಾಶ್ಚಾತ್ಯ ವೈದ್ಯರ ಪಟ್ಟಿಗಳಲ್ಲಿ ಅದರ ಸೊಲ್ಲಿರಲಿಲ್ಲ. ಮುಂಬಯಿಯ ತಲೆನೋವಿನ ತಜ್ಞ ಕೆ. ರವಿಶಂಕರ್ ಅವರು 2006ರಲ್ಲಿ ಹೀಗೆ ತಲೆಸ್ನಾನದಿಂದ ಮೈಗ್ರೇನ್ ಬರುವ 94 ಮಂದಿ ಭಾರತೀಯ ರೋಗಿಗಳನ್ನು ಕುರಿತು ಅಂತರರಾಷ್ಟ್ರೀಯ ವೈದ್ಯಪತ್ರಿಕೆಯಲ್ಲಿ ಬರೆದ ಮೇಲೆ ಅದು ಶಾಸ್ತ್ರದೊಳಕ್ಕೆ ಬಂತು. 'ನೀರು ಬಿದ್ದರೆ ನನಗಾಗದು' ಎಂದಾಗ 'ಸೋಮಾರಿ, ಕೂದಲು ಆರಿಸಿಕೊಳ್ಳಲು ಬೇಸರ' ಎನಿಸಿಕೊಂಡ ಎಷ್ಟು ಸೊಸೆಯಂದಿರು 2006ಕ್ಕೆ ಮೊದಲೇ ತೀರಿಹೋದರೋ!

ದೊಡ್ಡಮ್ಮನಿಗೆ ತಿಂಗಳ ಆ ಮೂರು ದಿನಗಳಲ್ಲಿಯೂ ತಲೆನೋವು ಬರುತ್ತಿತ್ತೆಂದು ನನ್ನ ತಾಯಿ ಈಚೆಗೆ ಹೇಳಿದರು. ಆ ದಿನಗಳಲ್ಲಿ ಮಾತ್ರ ಅವರನ್ನು ಯಾರೂ ಏಳಿಸುತ್ತಿರಲಿಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ ತಟ್ಟೆ ಬಂದಲ್ಲಿಗೆ ಬರುತ್ತಿತ್ತು. ಆ ಆಚಾರವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಮಲಗಬೇಕಾದರೆ ಮುಟ್ಟಬಾರದವಳಾಗಬೇಕು, ನೋವೊಂದೇ ಸಾಲದು ಎಂಬ ಏರ್ಪಾಡನ್ನು ನೆನೆದರೆ ಮನಸ್ಸಿಗೆ ಹಿತವೆನಿಸುವುದಿಲ್ಲ. "ಅಕ್ಕ ಒಂದು ದಿನವೂ ಬಾಯಿಬಿಟ್ಟು ನರಳಲಿಲ್ಲ ಕಣೋ; ನರಳಿದ್ದರೆ ನಂಬುತ್ತಿದ್ದರೇನೋ" ಎಂದರು ತಾಯಿ. ಅರೆತಲೆನೋವಿನವರು ನರಳುವುದು ಕಡಿಮೆ. ನರಳಿದ ಸದ್ದೇ ತಲೆಯನ್ನು ಹೊಡೆಯುತ್ತದೆ.

ನಂಬಿಕೆಯ ಪ್ರಶ್ನೆ ಇರುವುದು ಇಲ್ಲಿಯೇ. ಜ್ವರಕ್ಕೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ಹಲ್ಲುನೋವಿಗೆ ಊದಿದ ಕೆನ್ನೆ ಇದೆ. ತಲೆನೋವಿಗೆ ನೊಂದವರ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡಿಸಿದರೂ ಮೈಗ್ರೇನು ಅದರಲ್ಲಿ ಮೂಡುವುದಿಲ್ಲ. 'ಏನೂ ಇಲ್ಲ' ಎಂದು ಬಂದ ವರದಿ ಮನೆಯವರಿಗೆ ಶುಭವಾರ್ತೆ. ರೋಗಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಅವಮಾನ. ಏನೂ ಇಲ್ಲವಾದರೆ ನಿನ್ನೆಯೆಲ್ಲ ನೊಂದದ್ದು ಯಾರು?

ನಂಬಿದವರೂ ಇದ್ದರು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಜೀವಕನೆಂಬ ವೈದ್ಯನ ಕಥೆಯಿದೆ. ತಕ್ಷಶಿಲೆಯಲ್ಲಿ ವಿದ್ಯೆ ಮುಗಿಸಿ ಊರಿಗೆ ಮರಳುವಾಗ ದಾರಿಖರ್ಚು ತೀರಿ ಸಾಕೇತದಲ್ಲಿ ತಂಗುತ್ತಾನೆ. ಅಲ್ಲಿಯ ಶ್ರೇಷ್ಠಿಯ ಹೆಂಡತಿಗೆ ಏಳು ವರ್ಷದ ತಲೆನೋವು. ದೊಡ್ಡ ದೊಡ್ಡ ವೈದ್ಯರು ಬಂದು ಹೊನ್ನು ತೆಗೆದುಕೊಂಡು ಹೋಗಿದ್ದಾರೆ. ಗುಣವಾಗುವವರೆಗೆ ಏನೂ ಕೊಡಬೇಡವೆಂದು ಹೇಳಿ ಜೀವಕ ಮೂಲಿಕೆಗಳಲ್ಲಿ ಕಾಸಿದ ತುಪ್ಪವನ್ನು ಅವಳ ಮೂಗಿಗೆ ಬಿಡುತ್ತಾನೆ. ತುಪ್ಪ ಬಾಯಿಂದ ಹೊರಬರುತ್ತದೆ. ಆಕೆ ಅದನ್ನು ಪಾತ್ರೆಗೆ ಉಗುಳಿ, ದಾಸಿಯನ್ನು ಕರೆದು ಹತ್ತಿಯಿಂದ ಒತ್ತಿ ತೆಗೆದಿಡಲು ಹೇಳುತ್ತಾಳೆ! ಇಂಥ ಜಿಪುಣಿ ನನಗೇನು ಕೊಟ್ಟಾಳು ಎಂದು ಜೀವಕನ ಮುಖ ಬಾಡುತ್ತದೆ. ಸಂಸಾರ ಮಾಡುವವರಿಗೆ ಇದರ ಬೆಲೆ ಗೊತ್ತು, ಆಳುಗಳ ಕಾಲಿಗೆ ಹಚ್ಚಲಿಕ್ಕೋ ದೀಪಕ್ಕೋ ಆಗುತ್ತದೆ, ನಿನ್ನ ಸಂಭಾವನೆಗೆ ಚಿಂತಿಸಬೇಡವೆನ್ನುತ್ತಾಳೆ ಆಕೆ. ತಲೆನೋವು ಹೋಗುತ್ತದೆ. ಅವಳು ನಾಲ್ಕು ಸಾವಿರ, ಮಗ ನಾಲ್ಕು ಸಾವಿರ, ಸೊಸೆ ನಾಲ್ಕು ಸಾವಿರ, ಗಂಡ ನಾಲ್ಕು ಸಾವಿರ ನಾಣ್ಯಗಳನ್ನು ಕೊಡುತ್ತಾರೆ. ಮೇಲೆ ಕುದುರೆಯ ರಥ. ತುಪ್ಪದ ಚಿಕಿತ್ಸೆ ಹೇಗೋ ನಾನರಿಯೆ. ನನಗೆ ಮೆಚ್ಚುಗೆಯಾದದ್ದು ಆ ಸೊಸೆಯ ನಾಲ್ಕು ಸಾವಿರ. ಅತ್ತೆಯ ತಲೆನೋವು ನಿಜವೆಂದು ಸೊಸೆ ಹಣ ಕೊಟ್ಟು ಒಪ್ಪಿದ ಮನೆ ಅದು.

ನಮ್ಮ ಕಾಲದ ತುಪ್ಪವೆಂದರೆ ಹಳದಿಯ ಅಮೃತಾಂಜನ. ಕಾಶೀನಾಥುನಿ ನಾಗೇಶ್ವರರಾವ್ ಅವರು 1893ರಲ್ಲಿ ಮುಂಬಯಿಯಲ್ಲಿ ಅದನ್ನು ತಯಾರಿಸತೊಡಗಿದರು. ಅದರ ಸಂಪಾದನೆಯ ಬಲದಿಂದ 1908ರಲ್ಲಿ ಆಂಧ್ರಪತ್ರಿಕೆಯನ್ನು ಹೊರಡಿಸಿದರು. ಜನರ ತಲೆನೋವಿನಿಂದ ಬಂದ ಹಣದಲ್ಲಿ ಜನರಿಗೆ ಓದು ಕೊಟ್ಟ ಪುಣ್ಯಾತ್ಮ. ಇಂದು ಪತ್ರಿಕೆಗಳನ್ನು ನಡೆಸುವವರಿಗೆ ಕ್ರಮ ತಿರುಗುಮುರುಗಾಗಿದೆ ಎನ್ನುತ್ತಾರೆ. ಮುಲಾಮು, ಅರೆದ ಶುಂಠಿಯ ಪಟ್ಟು, ಗಂಧ, ಬಿಗಿದ ಬಟ್ಟೆ, ಕತ್ತಲೆ ಕೋಣೆ, ನಿದ್ದೆ. ಇವು ಯಾರಿಗೂ ಕೇಡು ಮಾಡಿದ್ದನ್ನು ನಾನು ಕಂಡಿಲ್ಲ.

ಮಾತ್ರೆಗಳ ಮಾತು ಹಾಗಲ್ಲ. ಬೀದಿಯ ತುದಿಯ ಅಂಗಡಿಯಲ್ಲಿ ಬೀಡಿ ಬೆಂಕಿಪೊಟ್ಟಣದ ಪಕ್ಕದಲ್ಲಿ ತೂಗುವ ತಲೆನೋವಿನ ಮಾತ್ರೆಗೆ ಒಂದು ಕುಹಕವಿದೆ. ತಿಂಗಳಿಗೆ ಹದಿನೈದು ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆಯನ್ನು, ಎರಡು ಮೂರು ಮದ್ದು ಬೆರೆಸಿದ ಮಾತ್ರೆಯಾದರೆ ಹತ್ತೇ ದಿನ, ಕೆಲವು ತಿಂಗಳು ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ನೋವಿಗೆ ಮಾತ್ರೆ, ಮಾತ್ರೆಗೆ ನೋವು. ಬೆಂಗಳೂರಿನ ಸಮೀಕ್ಷೆಯಲ್ಲಿ ಈ ಬಲೆಗೆ ಬಿದ್ದವರು ಕಂಡುಬಂದರು. ಅವರಲ್ಲಿ ಹೆಂಗಸರೇ ಹೆಚ್ಚು. ಮಲಗಲು ಬಿಡುವಿಲ್ಲದವರು ನುಂಗಿ ಎದ್ದು ಕೆಲಸಕ್ಕೆ ಹೋಗುತ್ತಾರೆ, ಅದರಲ್ಲಿ ಆಶ್ಚರ್ಯವೇನು? ಪದೇ ಪದೇ ತಲೆ ನೋಯುವವರು ವೈದ್ಯರನ್ನು ಕಂಡರೆ ನೋವನ್ನು ಬರುವ ಮೊದಲೇ ತಡೆಯುವ ಔಷಧಗಳಿವೆ. ಇನ್ನು ಸಿಡಿಲು ಬಡಿದಂತೆ ಕ್ಷಣದಲ್ಲಿ ಏರಿದ ನೋವು, ಜ್ವರವೂ ಕುತ್ತಿಗೆಯ ಸೆಡೆತವೂ ಕೂಡಿದ ನೋವು, ಕೈಕಾಲು ಸೋತು ಮಾತು ತೊದಲುವ ನೋವು, ತಲೆಗೆ ಪೆಟ್ಟಾದ ಮೇಲಿನ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಇವುಗಳಿಗೆ ಮುಲಾಮು ಹಚ್ಚಿಕೊಂಡು ಕೂರಬಾರದು, ಆಸ್ಪತ್ರೆಗೆ ಓಡಬೇಕು.

ದೊಡ್ಡಮ್ಮನಿಗೆ ಐವತ್ತೆರಡರ ಸುಮಾರಿಗೆ ತಲೆನೋವು ತಾನಾಗಿ ಬಿಟ್ಟುಹೋಯಿತು. ಮುಟ್ಟು ನಿಂತ ಮೇಲೆ ಅನೇಕ ಹೆಂಗಸರಿಗೆ ಹಾಗಾಗುವುದುಂಟು. ಆದರೆ ಇದು ವಂಶದಲ್ಲಿ ಹರಿಯುವ ಬೇನೆ. ಅವರ ಮಗಳಿಗೆ ಬಂತು, ಈಗ ಮೊಮ್ಮಗಳಿಗೆ ಬಂದಿದೆ. ಆ ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ವ್ರತವನ್ನೂ ಬಿಟ್ಟಿಲ್ಲ. ಹೋದ ವರ್ಷ ಮನೆಯ ಪುರೋಹಿತರನ್ನೇ ನೇರವಾಗಿ ಕೇಳಿದಳು, ಪೂಜೆಗೆ ಮೊದಲು ಕಾಫಿ ಕುಡಿಯಬಹುದೇ ಎಂದು. ಧರ್ಮಶಾಸ್ತ್ರದಲ್ಲಿ ವ್ರತವನ್ನು ಕೆಡಿಸದ ಎಂಟು ಸಂಗತಿಗಳ ಪಟ್ಟಿಯೊಂದುಂಟು: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಪುರೋಹಿತರು ಬೆರಳು ಮಡಿಸಿ ಎಣಿಸಿದರು. ನೀರು ಪಟ್ಟಿಯಲ್ಲಿದೆ, ಹಾಲು ಇದೆ, ಉಳಿದದ್ದು ಡಿಕಾಕ್ಷನ್ನು. "ನಿನಗೆ ಅದು ಔಷಧವಮ್ಮ" ಎಂದರು. ಸಕ್ಕರೆಯ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದ ದೊಡ್ಡಮ್ಮ, "ಹಾಗಾದರೆ ನನಗೂ ಅರ್ಧ ಲೋಟ ತಾ" ಎಂದರು.